ಪೆಟ್ಟಿಗೆ ನಮ್ಮದು, ಬೀಗದ ಕೈ ಯಾರದು?

ನಮ್ಮ ಜಿಲ್ಲೆಗಳ ಅನೇಕ ಮನೆಗಳ ಅಟ್ಟದ ಮೇಲೆ ಇಂದು ಒಂದೆರಡು ಕಪ್ಪು ಪೆಟ್ಟಿಗೆಗಳು ಧೂಳು ಹಿಡಿದು ಕುಳಿತಿವೆ. ಒಂದು ಹಳೆಯ ಕೇಬಲ್ ಸಂಪರ್ಕದ ಸೆಟ್‌ಟಾಪ್ ಬಾಕ್ಸ್, ಇನ್ನೊಂದು ಅದಕ್ಕೂ ಮೊದಲಿನ ಡಿಶ್ ಕಂಪನಿಯದು. ಅವುಗಳ ಪಕ್ಕದಲ್ಲಿ ಮಗನಿಗೋ ಮಗಳಿಗೋ ಶಾಲೆಯಲ್ಲಿ ದೊರೆತ ಸರ್ಕಾರಿ ಲ್ಯಾಪ್‌ಟಾಪ್ ಕೂಡ ಇರಬಹುದು. ಇವುಗಳಲ್ಲಿ ಹಲವು ಕೆಟ್ಟಿಲ್ಲ. ವಿದ್ಯುತ್ ಕೊಟ್ಟರೆ ದೀಪ ಹೊತ್ತುತ್ತದೆ, ಒಳಗಿನ ಚಿಪ್ ಕೆಲಸ ಮಾಡುತ್ತದೆ. ಆದರೂ ಅವು ಸತ್ತ ವಸ್ತುಗಳೇ. ಸವೆದು ಸತ್ತವಲ್ಲ, ದೂರದ ಯಾವುದೋ ಕಚೇರಿಯಿಂದ ಬರಬೇಕಾದ ಅನುಮತಿ ಬಾರದೆ ಸತ್ತವು.

ಎಲೆಕ್ಟ್ರಾನಿಕ್ ಉಪಕರಣಗಳ ಆಯುಷ್ಯ ಏಕೆ ಕುಗ್ಗುತ್ತಿದೆ ಎಂಬ ಪ್ರಶ್ನೆಗೆ 'ಈಗಿನ ಸಾಮಾನು ಗಟ್ಟಿಯಿಲ್ಲ' ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಅದು ಅರ್ಧ ಸತ್ಯ ಮಾತ್ರ. ಕಾರ್ಯಕ್ರಮ, ಚಲನಚಿತ್ರ, ತಂತ್ರಾಂಶಗಳನ್ನು ಅಕ್ರಮವಾಗಿ ನಕಲು ಮಾಡದಂತೆ ತಡೆಯಲು ಹಾಕಿದ ಡಿಜಿಟಲ್ ಬೀಗಗಳೇ ಕ್ರಮೇಣ ಉಪಕರಣದ ಆಯುಷ್ಯವನ್ನು ನಿರ್ಧರಿಸುವ ಅಧಿಕಾರವನ್ನೂ ಪಡೆದುಕೊಂಡಿವೆ ಎಂಬುದು ಉಳಿದ ಅರ್ಧ. ಬೀಗದ ಕೈ ಯಾರ ಬಳಿ ಇದೆಯೋ ಅವರು ಹೇಳಿದಷ್ಟು ದಿನ ಮಾತ್ರ ನಾವು ಕೊಂಡ ವಸ್ತು ಬದುಕುತ್ತದೆ. ಗಡಿ ಜಿಲ್ಲೆಯ ಕನ್ನಡ ಕುಟುಂಬಗಳಿಗೆ ಈ ವಿಚಾರ ಇತರರಿಗಿಂತ ಹೆಚ್ಚು ಮುಖ್ಯವೆಂದು ನಾವು ಭಾವಿಸುತ್ತೇವೆ. ಬೀದಿಯ ಫಲಕ, ಕಚೇರಿಯ ಅರ್ಜಿ, ಬಸ್ಸಿನ ಹೆಸರು ಎಲ್ಲವೂ ತಮಿಳಿನಲ್ಲಿರುವ ಊರುಗಳಲ್ಲಿ, ಶಾಲೆಯ ಗೋಡೆಯಾಚೆ ಮಕ್ಕಳಿಗೆ ಕನ್ನಡದ ಅಕ್ಷರ ಮತ್ತು ಧ್ವನಿ ತಲುಪುವುದು ಬಹುಮಟ್ಟಿಗೆ ಈ ಉಪಕರಣಗಳ ಮೂಲಕವೇ.

ಇಲ್ಲಿ 'ನಮ್ಮ ಜಿಲ್ಲೆಗಳು' ಎಂದಾಗ ಹಳೆಯ ಸೇಲಂ ಜಿಲ್ಲೆಯ ಒಟ್ಟು ಪ್ರದೇಶ ನಮ್ಮ ಮನಸ್ಸಿನಲ್ಲಿದೆ. 1965ರಲ್ಲಿ ಸೇಲಂನಿಂದ ಧರ್ಮಪುರಿ ಬೇರ್ಪಟ್ಟಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರ್ಪಟ್ಟಿತು. ಹೊಸೂರು, ಡೆಂಕಣಿಕೋಟೆ, ತಳಿ ಭಾಗದ ಕನ್ನಡ ಮಾಧ್ಯಮ ಶಾಲೆಗಳಿಂದ ಹಿಡಿದು ಸೇಲಂನ ದೇವಾಂಗ ನೇಕಾರರ ಮನೆಮಾತಿನವರೆಗೆ ಕನ್ನಡ ಈ ನೆಲದಲ್ಲಿ ಹರಡಿಕೊಂಡಿದೆ. ಆಡಳಿತದ ಗೆರೆಗಳು ಬದಲಾದರೂ ಸಮಸ್ಯೆ ಒಂದೇ.

ಟಿವಿ ಉಳಿಯಿತು, ಪೆಟ್ಟಿಗೆ ಉಳಿಯಲಿಲ್ಲ

2006ರಲ್ಲಿ ಅಧಿಕಾರಕ್ಕೆ ಬಂದ ತಮಿಳುನಾಡು ಸರ್ಕಾರ ಮನೆಮನೆಗೆ ಉಚಿತ ಬಣ್ಣದ ಟಿವಿ ಕೊಡುವ ಯೋಜನೆಯನ್ನು ಆರಂಭಿಸಿತು. ಗಾಜಿನ ಕೊಳವೆಯ ಆ ದಪ್ಪ ಟಿವಿಗಳನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಮರೆತಿಲ್ಲ. ಅವುಗಳಿಗೆ ಒಂದು ಗುಣವಿತ್ತು. ಯಾವ ಕೇಬಲ್ ತಂತಿಯನ್ನು ಸಿಕ್ಕಿಸಿದರೂ, ಮಾಳಿಗೆಯ ಮೇಲಿನ ಯಾವ ಆಂಟೆನಾಕ್ಕೆ ಜೋಡಿಸಿದರೂ ಚಿತ್ರ ಬರುತ್ತಿತ್ತು. ಕೇಬಲ್‌ನವರನ್ನು ಬದಲಿಸಿದರೆ ತಂತಿ ಬದಲಾಗುತ್ತಿತ್ತೇ ಹೊರತು ಟಿವಿ ಬದಲಾಗುತ್ತಿರಲಿಲ್ಲ. ಕೆಟ್ಟರೆ ಪಟ್ಟಣದ ಬಸ್ ನಿಲ್ದಾಣದ ಬಳಿಯ ಮೆಕ್ಯಾನಿಕ್ ಒಂದು ಬಿಡಿಭಾಗ ಹಾಕಿ ಸರಿಪಡಿಸುತ್ತಿದ್ದರು.

2011ರಲ್ಲಿ ಸಂಸತ್ತು ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆಗೆ ತಿದ್ದುಪಡಿ ತಂದು ದೇಶದ ಎಲ್ಲ ಕೇಬಲ್ ಸಂಪರ್ಕಗಳನ್ನು ಡಿಜಿಟಲ್ ಮಾಡಲು ಆದೇಶಿಸಿತು. 2012ರಲ್ಲಿ ಮಹಾನಗರಗಳಿಂದ ಆರಂಭವಾದ ಈ ಬದಲಾವಣೆ ನಾಲ್ಕು ಹಂತಗಳಲ್ಲಿ ಸಾಗಿ, 2017ರ ಮಾರ್ಚ್ 31ರ ಗಡುವಿನೊಂದಿಗೆ ಗ್ರಾಮೀಣ ಪ್ರದೇಶಗಳನ್ನು ತಲುಪಿತು. ತಮಿಳುನಾಡಿನಲ್ಲಿ ಸರ್ಕಾರಿ ಸ್ವಾಮ್ಯದ ಅರಸು ಕೇಬಲ್ ಟಿವಿ ನಿಗಮವೇ ಆಗ ದೊಡ್ಡ ಸೇವಾದಾರ ಆಗಿತ್ತು. 2011ರಲ್ಲಿ ತಿಂಗಳಿಗೆ 70 ರೂಪಾಯಿಯ ಸಂಪರ್ಕದಿಂದ ಜನಪ್ರಿಯವಾದ ಈ ನಿಗಮಕ್ಕೆ 2017ರಲ್ಲಿ ಡಿಜಿಟಲ್ ಪರವಾನಗಿ ದೊರೆಯಿತು. ಅದೇ ವರ್ಷ ಚಂದಾದಾರರಿಗೆ ಉಚಿತ ಸೆಟ್‌ಟಾಪ್ ಬಾಕ್ಸ್‌ಗಳ ವಿತರಣೆ ಆರಂಭವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಸೇಲಂ ಜಿಲ್ಲೆಯ ಎಡಪ್ಪಾಡಿ ಕ್ಷೇತ್ರದವರೇ ಆದುದರಿಂದ ಆ ದಿನಗಳು ಇಲ್ಲಿನ ಜನರ ನೆನಪಿನಲ್ಲಿ ಉಳಿದಿರಬಹುದು.

ಡಿಜಿಟಲ್ ಪ್ರಸಾರದಿಂದ ಚಿತ್ರ ಸ್ಪಷ್ಟವಾಯಿತು, ವಾಹಿನಿಗಳು ಹೆಚ್ಚಿದವು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರೊಂದಿಗೆ ಸದ್ದಿಲ್ಲದೆ ಇನ್ನೊಂದು ಬದಲಾವಣೆಯೂ ಆಯಿತು. ಅಲ್ಲಿಯವರೆಗೆ ಟಿವಿ ನೋಡಲು ಬೇಕಾದ ಉಪಕರಣ ಒಂದೇ ಆಗಿತ್ತು, ಅದು ನಮ್ಮದಾಗಿತ್ತು. ಅಂದಿನಿಂದ ಎರಡಾಯಿತು. ಎರಡನೆಯದರ ಕೀಲಿ ನಮ್ಮ ಕೈಯಲ್ಲಿಲ್ಲ.

ಬೀಗ ಕೆಲಸ ಮಾಡುವ ಬಗೆ

ಈ ಬೀಗದ ಸ್ವರೂಪವನ್ನು ಪೋಷಕರೂ ಮೇಲ್ತರಗತಿಯ ಮಕ್ಕಳೂ ತಿಳಿದಿರುವುದು ಒಳ್ಳೆಯದು. ಕೇಬಲ್ ಅಥವಾ ಡಿಶ್ ಕಂಪನಿ ಹಣ ಕೊಟ್ಟು ನೋಡಬೇಕಾದ ವಾಹಿನಿಯ ಸಂಕೇತವನ್ನು ಕಲಸುಮೇಲೋಗರ ಮಾಡಿ ಕಳುಹಿಸುತ್ತದೆ. ಅದನ್ನು ಮತ್ತೆ ಸರಿಯಾಗಿ ಜೋಡಿಸಲು ಒಂದು ಗುಪ್ತ ಸಂಖ್ಯೆ ಬೇಕು. ಆ ಸಂಖ್ಯೆ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತಿರುತ್ತದೆ ಮತ್ತು ಅದೂ ಬೀಗ ಹಾಕಿದ ರೂಪದಲ್ಲಿಯೇ ಸಂಕೇತದೊಂದಿಗೆ ಬರುತ್ತದೆ. ಅದನ್ನು ತೆರೆಯುವ ಶಕ್ತಿ ಇರುವುದು ನಮ್ಮ ಪೆಟ್ಟಿಗೆಯೊಳಗಿನ ಕಾರ್ಡಿಗೆ ಅಥವಾ ವಿಶೇಷ ಚಿಪ್ಪಿಗೆ. ಆ ಚಿಪ್ ಕೂಡ ತಾನಾಗಿ ತೆರೆಯುವುದಿಲ್ಲ. ಈ ಚಂದಾದಾರರಿಗೆ ಈ ವಾಹಿನಿಯನ್ನು ನೋಡುವ ಹಕ್ಕಿದೆ ಎಂಬ ಅನುಮತಿಯನ್ನು ಕಂಪನಿಯ ಕೇಂದ್ರ ಗಣಕ ಆಗಾಗ ಕಳುಹಿಸುತ್ತಿರಬೇಕು.

ಪ್ರತಿಯೊಂದು ಕಂಪನಿಯೂ ಬೇರೆ ಬೇರೆ ಬೀಗದ ವ್ಯವಸ್ಥೆಯನ್ನು ಬಳಸುತ್ತದೆ. ಆದುದರಿಂದ ಒಂದು ಕಂಪನಿಯ ಪೆಟ್ಟಿಗೆ ಮತ್ತೊಂದರ ಸಂಕೇತವನ್ನು ತೆರೆಯಲಾರದು. ಯಂತ್ರದ ಒಳಭಾಗಗಳು ಬಹುತೇಕ ಒಂದೇ ಬಗೆಯವು. ಬೇರೆಯಾಗಿರುವುದು ಬೀಗ ಮಾತ್ರ. ಕುಟುಂಬವೊಂದು ಸೇವೆಯನ್ನು ಬದಲಿಸಿದರೆ, ಮನೆಯನ್ನು ಧರ್ಮಪುರಿಯಿಂದ ಸೇಲಂಗೆ ಸ್ಥಳಾಂತರಿಸಿದಾಗ ಅಲ್ಲಿ ಬೇರೆ ಸೇವಾದಾರರಿದ್ದರೆ, ಅಥವಾ ಸೇವಾದಾರರೇ ತಮ್ಮ ವ್ಯವಸ್ಥೆಯನ್ನು ಬದಲಿಸಿದರೆ, ಹಳೆಯ ಪೆಟ್ಟಿಗೆ ಕಸವಾಗುತ್ತದೆ. ಹತ್ತು ವರ್ಷ ಬಾಳಬಹುದಾದ ವಸ್ತುವಿನ ಆಯುಷ್ಯ ಒಂದು ಒಪ್ಪಂದದ ಆಯುಷ್ಯಕ್ಕೆ ಇಳಿಯುತ್ತದೆ.

ಈ ಅವಲಂಬನೆ ಎಷ್ಟು ಆಳವಾದುದು ಎಂಬುದು 2022ರ ನವೆಂಬರ್‌ನಲ್ಲಿ ಎಲ್ಲರಿಗೂ ಕಾಣಿಸಿತು. ಅರಸು ಕೇಬಲ್‌ನ ಚಂದಾದಾರರ ಮನೆಗಳಲ್ಲಿ ಲಕ್ಷಾಂತರ ಪೆಟ್ಟಿಗೆಗಳು ಒಮ್ಮೆಗೇ ಕೆಲಸ ನಿಲ್ಲಿಸಿದವು. ತಂತಿ ಕಡಿದಿರಲಿಲ್ಲ, ಮಿಂಚು ಹೊಡೆದಿರಲಿಲ್ಲ. ತಂತ್ರಾಂಶ ಒದಗಿಸುವ ಖಾಸಗಿ ಸಂಸ್ಥೆಯೊಂದಿಗಿನ ವಿವಾದವೇ ಇದಕ್ಕೆ ಕಾರಣವೆಂದು ಸರ್ಕಾರದ ಕಡೆಯಿಂದ ಹೇಳಲಾಯಿತು. ಆ ವಿವಾದದಲ್ಲಿ ಯಾರ ಕಡೆ ನ್ಯಾಯವಿತ್ತು ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಚಂದಾ ಕಟ್ಟಿದ್ದ ಕುಟುಂಬ ಅದರಲ್ಲಿ ಪಕ್ಷಗಾರನೇ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸರ್ಕಾರಿ ನಿಗಮ ಕೊಟ್ಟ ಪೆಟ್ಟಿಗೆಯ ಬೀಗದ ಕೈ ಪೂರ್ತಿಯಾಗಿ ಸರ್ಕಾರದ ಬಳಿಯೂ ಇರಲಿಲ್ಲ ಎಂಬುದು ಆ ದಿನಗಳಲ್ಲಿ ತಿಳಿಯಿತು.

ಕೈಗೂಡದ ಒಂದು ಶಿಫಾರಸು

ಇದಕ್ಕೆ ಪರಿಹಾರವಿಲ್ಲವೆ? ಇದೆ, ಮತ್ತು ಅದು ಬಹಳ ಹಿಂದೆಯೇ ಕಾಗದದ ಮೇಲೆ ಬಂದಿದೆ. ನಾವು ಮೊಬೈಲ್ ಕಂಪನಿಯನ್ನು ಬದಲಿಸುವಾಗ ಫೋನನ್ನು ಎಸೆಯುವುದಿಲ್ಲ. ಸಿಮ್ ಕಾರ್ಡ್ ಮಾತ್ರ ಬದಲಿಸುತ್ತೇವೆ. ಅದೇ ರೀತಿ ಪೆಟ್ಟಿಗೆ ಒಂದೇ ಆಗಿದ್ದು, ಬೀಗ ತೆರೆಯುವ ಸಣ್ಣ ಭಾಗವನ್ನು ಮಾತ್ರ ಬದಲಿಸುವಂತೆ ಮಾಡಲು ಸಾಧ್ಯ. ಡಿಶ್ ಸೇವೆಗಳ ಪರವಾನಗಿ ಷರತ್ತುಗಳಲ್ಲಿಯೇ ಇಂತಹ ಹೊಂದಾಣಿಕೆಯ ಮಾತಿತ್ತು. ಆದರೆ ಪೆಟ್ಟಿಗೆಯಲ್ಲಿ ಒಂದು ಕಿಂಡಿ ಬಿಟ್ಟರೆ ಷರತ್ತು ಪೂರೈಸಿದಂತೆ ಆಗುತ್ತಿತ್ತು. ಆ ಕಿಂಡಿಗೆ ಹಾಕಬೇಕಾದ ಭಾಗದ ಬೆಲೆ ಹೊಸ ಪೆಟ್ಟಿಗೆಯ ಬೆಲೆಗೆ ಹತ್ತಿರವಿದ್ದುದರಿಂದ ಅದನ್ನು ಕೊಳ್ಳುವವರು ಇರಲಿಲ್ಲ.

2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ದೇಶದಲ್ಲಿ ಮಾರುವ ಎಲ್ಲ ಸೆಟ್‌ಟಾಪ್ ಬಾಕ್ಸ್‌ಗಳೂ ಪರಸ್ಪರ ಹೊಂದಿಕೊಳ್ಳುವಂತಿರಬೇಕು ಎಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಶಿಫಾರಸು ಮಾಡಿತು. ಟಿವಿಯ ಯುಎಸ್‌ಬಿ ಕಿಂಡಿಗೇ ಸಿಕ್ಕಿಸಬಹುದಾದ ಬೀಗದ ಭಾಗದ ತಾಂತ್ರಿಕ ಮಾನದಂಡವನ್ನೂ ಸೂಚಿಸಿತು. ಆ ಶಿಫಾರಸು ನಮ್ಮ ಮನೆಗಳನ್ನು ತಲುಪಿಲ್ಲ. ಇಂದಿಗೂ ಕಂಪನಿ ಬದಲಾದರೆ ಪೆಟ್ಟಿಗೆ ಬದಲಾಗುತ್ತಿದೆ.

ಭಾಷಾ ಅಲ್ಪಸಂಖ್ಯಾತರ ದೃಷ್ಟಿಯಿಂದ ಇದರ ಪರಿಣಾಮವೇನು? 2019ರ ಫೆಬ್ರವರಿಯಿಂದ ಜಾರಿಗೆ ಬಂದ ಹೊಸ ದರ ವ್ಯವಸ್ಥೆಯಲ್ಲಿ, ತಮಗೆ ಬೇಕಾದ ವಾಹಿನಿಗಳನ್ನು ಆರಿಸಿಕೊಳ್ಳುವ ಹಕ್ಕು ಚಂದಾದಾರರಿಗೆ ಸಿಕ್ಕಿದೆ ಎನ್ನಲಾಯಿತು. ಆದರೆ ಆರಿಸಿಕೊಳ್ಳಬಹುದಾದುದು ಆ ಸೇವಾದಾರರ ಪಟ್ಟಿಯಲ್ಲಿ ಇರುವುದನ್ನು ಮಾತ್ರ. ತಮಿಳು ವಾಹಿನಿ ಯಾವ ಪಟ್ಟಿಯಲ್ಲೂ ತಪ್ಪುವುದಿಲ್ಲ. ಕನ್ನಡ ವಾಹಿನಿಯ ಸ್ಥಾನ ಅಷ್ಟು ಭದ್ರವಲ್ಲ. ಒಂದು ಕನ್ನಡ ವಾಹಿನಿ ಪಟ್ಟಿಯಿಂದ ಬಿಟ್ಟುಹೋದರೆ, ಅದನ್ನು ಕೊಡುವ ಇನ್ನೊಂದು ಸೇವೆಗೆ ಹೋಗಲು ಮತ್ತೊಂದು ಪೆಟ್ಟಿಗೆಯ ಬೆಲೆ ತೆರಬೇಕು. ಬಹುಸಂಖ್ಯಾತರ ಭಾಷೆಯ ಮನೆಗೆ ಸೇವೆ ಬದಲಿಸುವ ಅಗತ್ಯವೇ ಬಾರದು, ನಮಗೆ ಬರುತ್ತದೆ. ಹೀಗಾಗಿ ಬೀಗದ ವೆಚ್ಚ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ.

ಇದಕ್ಕೆ ಎದುರಾಗಿ ಇಡಬಹುದಾದ ಉದಾಹರಣೆ ನಮ್ಮಲ್ಲಿಯೇ ಇದೆ. ದೂರದರ್ಶನ 2004ರ ಡಿಸೆಂಬರ್‌ನಲ್ಲಿ ಆರಂಭಿಸಿದ ಉಚಿತ ಡಿಶ್ ಸೇವೆಗೆ, ಇಂದಿನ ಡಿಡಿ ಫ್ರೀ ಡಿಶ್‌ಗೆ, ತಿಂಗಳ ಚಂದಾ ಇಲ್ಲ. ಅಂಗಡಿಯಲ್ಲಿ ಒಮ್ಮೆ ಕೊಂಡ ಪೆಟ್ಟಿಗೆ, ಯಾವ ತಯಾರಕರದೇ ಆಗಿರಲಿ, ಬೀಗವಿಲ್ಲದ ಸಂಕೇತವನ್ನು ತೋರಿಸುತ್ತದೆ. ಕನ್ನಡದ ಡಿಡಿ ಚಂದನ ಅದರಲ್ಲಿ ಬರುತ್ತದೆ. ಅಲ್ಲಿಯೂ ಎಚ್ಚರಿಕೆ ಬೇಕು: ಹಳೆಯ ಎಂಪೆಗ್-2 ಪೆಟ್ಟಿಗೆಗಳು ಹೊಸ ಎಂಪೆಗ್-4 ಮಾದರಿಯ ವಾಹಿನಿಗಳನ್ನು ತೋರಿಸಲಾರವು. ಆದರೂ ಬೀಗವಿಲ್ಲದ ಪೆಟ್ಟಿಗೆ ಒಬ್ಬರ ವಿವಾದದಿಂದ ಒಂದೇ ದಿನದಲ್ಲಿ ಕಲ್ಲಾಗುವುದಿಲ್ಲ. ಆಂಟೆನಾದ ಕಾಲ ಮುಗಿದುಹೋಗಿದೆ. ಪ್ರಸಾರ ಭಾರತಿ 2021-22ರ ವೇಳೆಗೆ ದೇಶದ ಬಹುಪಾಲು ಅನಲಾಗ್ ಭೂಪ್ರಸಾರ ಕೇಂದ್ರಗಳನ್ನು ಮುಚ್ಚಿದೆ. ಆದುದರಿಂದ ಬೀಗವಿಲ್ಲದ ಬಾಗಿಲಾಗಿ ಉಳಿದಿರುವ ಫ್ರೀ ಡಿಶ್‌ನ ಮಹತ್ವ ಹೆಚ್ಚಿದೆ.

ಶಾಲೆಯ ಲ್ಯಾಪ್‌ಟಾಪ್‌ನ ಪಾಡು

2011ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಪಾಲಿಗೆ ದೊಡ್ಡ ಕೊಡುಗೆ. ಅನೇಕ ಮನೆಗಳಲ್ಲಿ ಅದು ಮೊದಲ ಗಣಕಯಂತ್ರ. ಮೊದಲ ವರ್ಷಗಳ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಜೊತೆಗೆ ಭಾರತದಲ್ಲಿಯೇ ರೂಪುಗೊಂಡ ಬಾಸ್ ಲಿನಕ್ಸ್ ಕೂಡ ಇತ್ತು. ಬಹಳ ಮಂದಿ ಅದನ್ನು ತೆರೆದು ನೋಡದಿದ್ದರೂ, ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವ, ಪರವಾನಗಿ ಹಣ ಕೇಳದ ವ್ಯವಸ್ಥೆ ಅದು.

ವಿಂಡೋಸ್ 7ಕ್ಕೆ ತಯಾರಕರ ಬೆಂಬಲ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಅವಧಿಯನ್ನು ಮಾತ್ರ ಪ್ರಕಟಿಸಲಾಯಿತು. ಮುಂದಿನ ವಿಂಡೋಸ್ 11 ಹಾಕಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇತ್ತೀಚಿನ ಪ್ರೊಸೆಸರ್ ಕೂಡ ಇರಲೇಬೇಕು. ಯೋಜನೆಯ ಮೊದಲ ವರ್ಷಗಳ ಲ್ಯಾಪ್‌ಟಾಪ್‌ಗಳು ಈ ಷರತ್ತನ್ನು ಪೂರೈಸಲಾರವು. ಟಿಪಿಎಂ ನಕಲು ತಡೆಗೆಂದೇ ಮಾಡಿದ ಬೀಗವಲ್ಲ ಎಂಬುದು ನಿಜ. ಯಂತ್ರದೊಳಗಿನ ಕೀಲಿಗಳನ್ನು ಸುರಕ್ಷಿತವಾಗಿ ಇಡುವುದು ಅದರ ಕೆಲಸ. ಆದರೆ ಪರಿಣಾಮ ಒಂದೇ ಬಗೆಯದು: ಕೀಲಿಮಣೆ, ಪರದೆ, ಮೆಮೊರಿ ಎಲ್ಲವೂ ಸರಿಯಿದ್ದರೂ ಒಂದು ಚಿಪ್ಪಿನ ಕಾರಣದಿಂದ ಯಂತ್ರ 'ಹಳೆಯದು' ಎನಿಸಿಕೊಳ್ಳುತ್ತದೆ.

ಶಾಲಾ ಯೋಜನೆಗಳಿಗಾಗಿ ತಯಾರಾಗುವ ಗಣಕಗಳಲ್ಲಿ ಕಳವು ತಡೆಯುವ ಬೀಗವನ್ನು ಹಾಕುವ ಪದ್ಧತಿಯೂ ಜಗತ್ತಿನ ಹಲವೆಡೆ ಇದೆ. ಯಂತ್ರ ನಿಗದಿತ ಅವಧಿಯೊಳಗೆ ಶಾಲೆಯ ಅಥವಾ ಇಲಾಖೆಯ ಕೇಂದ್ರ ಗಣಕವನ್ನು ಸಂಪರ್ಕಿಸಿ ಅನುಮತಿ ಪಡೆಯದಿದ್ದರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಳ್ಳನ ಕೈಗೆ ಯಂತ್ರ ನಿಷ್ಪ್ರಯೋಜಕವಾಗಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಯೋಜನೆ ಮುಗಿದು ಆ ಕೇಂದ್ರ ಗಣಕವೇ ನಿಂತುಹೋದರೆ ವಿದ್ಯಾರ್ಥಿಯ ಗತಿಯೂ ಕಳ್ಳನ ಗತಿಯೇ ಆಗುತ್ತದೆ. 2025-26ರ ತಮಿಳುನಾಡು ಮುಂಗಡಪತ್ರದಲ್ಲಿ ಎರಡು ವರ್ಷಗಳಲ್ಲಿ 20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಕೊಡುವುದಾಗಿ ಘೋಷಿಸಲಾಯಿತು. ಇಂತಹ ಯಂತ್ರ ಕೈಗೆ ಬಂದಾಗ ಬಣ್ಣ, ತೂಕಗಳಿಗಿಂತ ಮೊದಲು ಕೇಳಬೇಕಾದುದು ಎರಡು ಪ್ರಶ್ನೆಗಳು: ಇದರಲ್ಲಿ ಬೀಗವಿದೆಯೇ? ಇದ್ದರೆ ಓದು ಮುಗಿದ ಬಳಿಕ ಅದನ್ನು ತೆಗೆಯುವವರು ಯಾರು?

ಮೊಬೈಲ್‌ನಲ್ಲಿಯೂ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತಿದೆ. ತರಗತಿಯ ಸೂಚನೆಗಳು ಬರುವ ವಾಟ್ಸ್‌ಆ್ಯಪ್ 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ ಕೆಲಸ ನಿಲ್ಲಿಸಿತು. ಚಲನಚಿತ್ರ ತೋರಿಸುವ ಅನೇಕ ಆ್ಯಪ್‌ಗಳು ಫೋನಿನೊಳಗಿನ ನಕಲು ತಡೆಯ ಚಿಪ್ ಮೇಲಿನ ದರ್ಜೆಯದ್ದಲ್ಲವಾದರೆ ಚಂದಾ ಕಟ್ಟಿದವರಿಗೂ ಮಸುಕಾದ ಚಿತ್ರವನ್ನಷ್ಟೇ ಕೊಡುತ್ತವೆ. ಪರದೆ ಒಳ್ಳೆಯದಿದ್ದರೂ ಫಲವಿಲ್ಲ.

ಬೀಗವಿರುವ ಪುಸ್ತಕ, ಬೀಗವಿಲ್ಲದ ಪುಸ್ತಕ

ಇ-ಪುಸ್ತಕಗಳ ವಿಷಯದಲ್ಲಿ ಕನ್ನಡದ ಅನುಭವ ಇನ್ನಷ್ಟು ಕಹಿಯಾದುದು. ಅಮೆಜಾನ್ ತನ್ನ ಕಿಂಡಲ್‌ನಲ್ಲಿ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಯಾವ ಭಾಷೆಗೆ ಬಾಗಿಲು ತೆರೆಯಬೇಕೆಂಬುದನ್ನು ಯಜಮಾನರೇ ನಿರ್ಧರಿಸುತ್ತಾರೆ. ಒಳಗೆ ಇರುವ ಪುಸ್ತಕವೂ ಶಾಶ್ವತವಲ್ಲ. 2019ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯ ವ್ಯವಸ್ಥೆಯನ್ನು ಮುಚ್ಚಿದಾಗ, ಕೊಂಡವರ ಪುಸ್ತಕಗಳೂ ಮಾಯವಾದವು. ಕಂಪನಿ ಹಣವನ್ನು ಹಿಂದಿರುಗಿಸಿತು. ಆದರೆ ಹಣ ಹಿಂದಿರುಗಿಸಿ ಮನೆಯ ಕಪಾಟಿನಿಂದ ಪುಸ್ತಕ ಒಯ್ಯುವ ಅಂಗಡಿಯವರನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಇದಕ್ಕೆ ವಿರುದ್ಧವಾಗಿ, ತಮಿಳುನಾಡು ಮತ್ತು ಕರ್ನಾಟಕ ಎರಡೂ ಸರ್ಕಾರಗಳು ಪಠ್ಯಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಇಟ್ಟಿವೆ. ಕರ್ನಾಟಕ ಸರ್ಕಾರದ 'ಕಣಜ', ಸ್ವಯಂಸೇವಕರು ಬೆಳೆಸುತ್ತಿರುವ ಕನ್ನಡ ವಿಕಿಸೋರ್ಸ್ ಇವುಗಳಲ್ಲಿಯೂ ಓದಲು ಬೀಗವಿಲ್ಲ. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ಕೂಡ ಪಿಡಿಎಫ್ ಕಡತವನ್ನು ತೆರೆಯುತ್ತದೆ. ಒಂದು ಪೆನ್‌ಡ್ರೈವ್‌ನಲ್ಲಿ ಇಡೀ ಶಾಲೆಗೆ ಬೇಕಾದ ಪಠ್ಯಗಳನ್ನು ಒಯ್ಯಬಹುದು. ಕಡತ ತೆರೆದಿದ್ದರೆ ಯಂತ್ರದ ಆಯುಷ್ಯವೂ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ದುರಸ್ತಿಗಾರರ ಮೇಲೆ ಬಿದ್ದ ನೆರಳು

ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯ 65ಎ ವಿಧಿ ಡಿಜಿಟಲ್ ಬೀಗಗಳಿಗೆ ಭಾರತದಲ್ಲಿ ಕಾನೂನಿನ ರಕ್ಷಣೆ ಕೊಟ್ಟಿತು. ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಅಮೆರಿಕದ 1998ರ ಕಾನೂನಿಗಿಂತ ನಮ್ಮದು ಮೃದುವಾದುದು. 'ಉಲ್ಲಂಘಿಸುವ ಉದ್ದೇಶ' ಎಂಬ ಮಾತು ಇಲ್ಲಿ ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆರೆಯುವುದು ಅಪರಾಧವಲ್ಲವೆಂದು ಅದೇ ವಿಧಿ ಹೇಳುತ್ತದೆ. ಆದರೆ ಅಂತಹ ಕೆಲಸಕ್ಕೆ ಇನ್ನೊಬ್ಬರಿಗೆ ನೆರವಾದವರು ಆ ವ್ಯಕ್ತಿಯ ಹೆಸರು, ವಿಳಾಸ ಮತ್ತಿತರ ವಿವರಗಳ ಸಂಪೂರ್ಣ ದಾಖಲೆ ಇಡಬೇಕು. ಸೇಲಂನಲ್ಲಿ ಒಂದು ಮೇಜು, ಒಂದು ಬೆಸುಗೆ ಕಡ್ಡಿ ಇಟ್ಟುಕೊಂಡು ಬದುಕುವ ದುರಸ್ತಿಗಾರರಿಗೆ ಈ ಸೂಕ್ಷ್ಮವನ್ನು ವಿವರಿಸಿದವರು ಯಾರು? ಯಾವುದು ದುರಸ್ತಿ, ಯಾವುದು ಅಪರಾಧ ಎಂಬ ಸಂದೇಹ ಬಂದಾಗ 'ಆಗುವುದಿಲ್ಲ, ಹೊಸದು ತಗೊಳ್ಳಿ' ಎನ್ನುವುದೇ ಅವರಿಗೆ ಕ್ಷೇಮ.

ಬೀಗ ಈಗ ಬಿಡಿಭಾಗಗಳಿಗೂ ಬಂದಿದೆ. ಪ್ರಿಂಟರಿನ ಶಾಯಿ ಡಬ್ಬಿಗೆ ಚಿಪ್ ಕೂಡಿಸಿ ಬೇರೆಯವರ ಶಾಯಿಯನ್ನು ತಡೆಯುವುದು ಹಳೆಯ ತಂತ್ರ. ಈಗ ದುಬಾರಿ ಫೋನುಗಳಲ್ಲಿ ಬ್ಯಾಟರಿ, ಪರದೆ, ಕ್ಯಾಮೆರಾಗಳಿಗೆ ಪ್ರತ್ಯೇಕ ಸಂಖ್ಯೆ ಕೊಟ್ಟು ಆ ಒಂದೇ ಫೋನಿಗೆ ಗಂಟು ಹಾಕಲಾಗುತ್ತದೆ. ಅದೇ ಮಾದರಿಯ ಇನ್ನೊಂದು ಫೋನಿನಿಂದ ಅಸಲಿ ಭಾಗವನ್ನೇ ತೆಗೆದು ಹಾಕಿದರೂ ಎಚ್ಚರಿಕೆಯ ಸಂದೇಶ ಬರುತ್ತದೆ ಅಥವಾ ಕೆಲವು ಸೌಲಭ್ಯಗಳು ನಿಲ್ಲುತ್ತವೆ. ಹೊಸೂರಿನ ಬಳಿ ಐಫೋನ್ ಭಾಗಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆ ಇದೆ. ಡೆಂಕಣಿಕೋಟೆ ತಾಲ್ಲೂಕಿನ ನೆಲದಲ್ಲಿ ತಯಾರಾದ ಭಾಗವನ್ನು ಅದೇ ತಾಲ್ಲೂಕಿನ ದುರಸ್ತಿ ಅಂಗಡಿಯಲ್ಲಿ ಕಂಪನಿಯ ಒಪ್ಪಿಗೆಯಿಲ್ಲದೆ ಸರಿಯಾಗಿ ಕೂಡಿಸಲಾಗದು ಎಂಬ ಸ್ಥಿತಿ ವಿಚಿತ್ರವಾದುದು.

ಇದು ಬದಲಾಗದ ವಿಧಿಯೇನಲ್ಲ. ಉಪಕರಣದ ಆಯುಷ್ಯವನ್ನು ಬೇಕೆಂದೇ ಕಡಿಮೆ ಮಾಡುವುದನ್ನು ಫ್ರಾನ್ಸ್ 2015ರಲ್ಲಿಯೇ ಅಪರಾಧವೆಂದು ಘೋಷಿಸಿತು; 2021ರಿಂದ ಫೋನ್, ಲ್ಯಾಪ್‌ಟಾಪ್, ಟಿವಿಗಳ ಮೇಲೆ ದುರಸ್ತಿ ಸುಲಭವೇ ಎಂಬುದಕ್ಕೆ ಹತ್ತರಲ್ಲಿ ಇಷ್ಟು ಎಂಬ ಅಂಕವನ್ನು ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಬಿಡಿಭಾಗಗಳಿಗೆ ಇಂತಹ ಗಂಟು ಹಾಕುವುದನ್ನು ನಿರ್ಬಂಧಿಸಿತು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಇದಕ್ಕಾಗಿ ಜಾಲತಾಣವನ್ನು ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತುಗಳು, ವಾಹನಗಳು ಅದರ ನಾಲ್ಕು ಕ್ಷೇತ್ರಗಳು. 2024ರಲ್ಲಿ ದುರಸ್ತಿ ಸೂಚ್ಯಂಕಕ್ಕಾಗಿ ಇನ್ನೊಂದು ಸಮಿತಿಯೂ ಬಂದಿತು. ಆದರೆ ದುರಸ್ತಿಯನ್ನು ಹಕ್ಕೆಂದು ಸಾರುವ ಪ್ರತ್ಯೇಕ ಕಾನೂನು ಬಂದಿಲ್ಲ. ವಾಹನಗಳ ವಿಷಯದಲ್ಲಿ ಮಾತ್ರ ಒಂದು ದೃಢವಾದ ಹೆಜ್ಜೆ ಹಿಂದೆಯೇ ಬಿದ್ದಿತ್ತು: 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಬಿಡಿಭಾಗ ಮತ್ತು ದುರಸ್ತಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದಿದ್ದ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಕಾರಿಗೆ ಅನ್ವಯಿಸುವ ನ್ಯಾಯ ಬಡವರ ಮನೆಯ ಪೆಟ್ಟಿಗೆಗೆ ಏಕೆ ಅನ್ವಯಿಸಬಾರದು?

ಇನ್ನೊಂದು ಕಡೆಯ ಮಾತು

ಬೀಗವೇ ಬೇಡವೆಂದು ನಾವು ವಾದಿಸುತ್ತಿಲ್ಲ. ಬಿಡುಗಡೆಯ ದಿನವೇ ಕಳ್ಳಪ್ರತಿ ಹರಿದಾಡಿದರೆ ಚಿತ್ರ ತಯಾರಿಸಿದವರಿಗೆ ನಷ್ಟವಾಗುತ್ತದೆ. ಮಾರುಕಟ್ಟೆ ಚಿಕ್ಕದಾದ ಕನ್ನಡ ಚಿತ್ರಗಳಿಗೆ, ಕನ್ನಡ ಪ್ರಕಾಶಕರಿಗೆ ಈ ಪೆಟ್ಟು ಇನ್ನೂ ಜೋರು. ಹಣ ಕಟ್ಟದವರು ವಾಹಿನಿ ನೋಡಬಾರದೆಂದು ಹೇಳುವ ಹಕ್ಕು ಸೇವಾದಾರರಿಗಿದೆ. ಆದರೆ ಕಾರ್ಯಕ್ರಮಕ್ಕೆ ಬೀಗ ಹಾಕುವುದು ಬೇರೆ, ಕಾರ್ಯಕ್ರಮ ತೋರಿಸುವ ಉಪಕರಣವನ್ನೇ ಬಂಧಿಸುವುದು ಬೇರೆ. ಸಿನಿಮಾ ಮಂದಿರದವರು ಟಿಕೆಟ್ ಕೇಳುವುದು ನ್ಯಾಯ. ಮಂದಿರದಿಂದ ಹೊರಬಂದ ಮೇಲೆ ನಮ್ಮ ಕನ್ನಡಕವನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ. ಹಕ್ಕುಸ್ವಾಮ್ಯ ಮೊದಲನೆಯದನ್ನು ಕಾಯಲು ಹುಟ್ಟಿದ ಕಾನೂನು. ಅದನ್ನು ಎರಡನೆಯದಕ್ಕೆ ಬಳಸುವುದನ್ನು ತಡೆಯಬೇಕಾದುದು ಸರ್ಕಾರದ ಹೊಣೆ.

ನಾವು ಕೇಳಬೇಕಾದುದು, ಮಾಡಬಹುದಾದುದು

ನಮ್ಮ ಜನಪ್ರತಿನಿಧಿಗಳ ಮುಂದೆ, ಭಾಷಾ ಅಲ್ಪಸಂಖ್ಯಾತರ ಸಭೆಗಳಲ್ಲಿ ಮೂರು ಬೇಡಿಕೆಗಳನ್ನು ಇಡುವುದು ಸೂಕ್ತ. ಮೊದಲನೆಯದು, ಟ್ರಾಯ್‌ನ 2020ರ ಶಿಫಾರಸಿನಂತೆ ಸೆಟ್‌ಟಾಪ್ ಬಾಕ್ಸ್‌ಗಳ ಹೊಂದಾಣಿಕೆಯನ್ನು ಕಡ್ಡಾಯ ಮಾಡಬೇಕು. ಸರ್ಕಾರಿ ನಿಗಮವೇ ಇದರಲ್ಲಿ ಮೇಲ್ಪಂಕ್ತಿ ಹಾಕಬೇಕು. ಎರಡನೆಯದು, ಸಾರ್ವಜನಿಕ ಹಣದಿಂದ ಕೊಡುವ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಟೆಂಡರಿನಲ್ಲಿಯೇ ಓದಿನ ಅವಧಿ ಮುಗಿದ ಕೂಡಲೇ ಎಲ್ಲ ಬೀಗಗಳನ್ನೂ ತೆರೆಯುವ ಷರತ್ತು ಇರಬೇಕು. ಅವುಗಳಲ್ಲಿ ಕನ್ನಡ ಅಕ್ಷರ ಮತ್ತು ಕೀಲಿಮಣೆ ಇರುವುದನ್ನು ಖಚಿತಪಡಿಸಬೇಕು. ಮೂರನೆಯದು, ಅಲ್ಪಸಂಖ್ಯಾತ ಭಾಷೆಗಳ ಪಠ್ಯ ಮತ್ತು ಪಾಠದ ವಿಡಿಯೋಗಳು ಯಾವುದೇ ಒಂದು ಆ್ಯಪ್‌ನೊಳಗೆ ಮಾತ್ರ ಉಳಿಯದೆ, ಇಳಿಸಿಕೊಂಡು ಹಂಚಬಹುದಾದ ಕಡತಗಳಾಗಿಯೂ ದೊರೆಯಬೇಕು.

ಮನೆಯಲ್ಲಿ ಮತ್ತು ಶಾಲೆಯಲ್ಲಿ ನಾವೇ ಮಾಡಬಹುದಾದುದೂ ಇದೆ. ಹೊಸ ಕೇಬಲ್ ಅಥವಾ ಡಿಶ್ ಸಂಪರ್ಕ ಪಡೆಯುವಾಗ, ಪೆಟ್ಟಿಗೆ ಮಾರಾಟದ್ದೇ ಬಾಡಿಗೆಯದೇ, ಸೇವೆ ಬಿಟ್ಟರೆ ಹಣ ಎಷ್ಟು ಹಿಂದಿರುಗುತ್ತದೆ, ಕನ್ನಡ ವಾಹಿನಿಗಳು ಯಾವುವು ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಫೋನ್ ಕೊಳ್ಳುವಾಗ ಎಷ್ಟು ವರ್ಷ ತಂತ್ರಾಂಶದ ಬೆಂಬಲ ಇದೆ ಎಂದು ಕೇಳಬೇಕು. ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು ಅದಕ್ಕೆ ಲಿನಕ್ಸ್ ಹಾಕಿ ನೋಡಬೇಕು. ಉಚಿತವಾಗಿ ದೊರೆಯುವ ಹಗುರವಾದ ಲಿನಕ್ಸ್ ಆವೃತ್ತಿಗಳಲ್ಲಿ ಕನ್ನಡ ಟೈಪಿಂಗ್, ಪಿಡಿಎಫ್ ಓದು, ಅಂತರಜಾಲ ಎಲ್ಲವೂ ಸಾಧ್ಯ. ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳು ಬಳಸದೆ ಇಟ್ಟ ಹತ್ತು ಲ್ಯಾಪ್‌ಟಾಪ್‌ಗಳನ್ನು ಒಟ್ಟುಗೂಡಿಸಿದರೆ ಒಂದು ಸಣ್ಣ ಕನ್ನಡ ಓದುಕೋಣೆ ಆಗುತ್ತದೆ. ಅದಕ್ಕೆ ಬೇಕಾದುದು ಒಬ್ಬ ಉತ್ಸಾಹಿ ಶಿಕ್ಷಕರು ಮತ್ತು ಒಂದು ಭಾನುವಾರ.

ವಂಚನೆಯಾದಾಗ ಸುಮ್ಮನಿರುವುದು ಬೇಡ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು. ತಮಿಳಿನಲ್ಲಿ ಬರೆಯಲು ಹಿಂಜರಿಯುವ ನಮ್ಮ ಹಿರಿಯರು ಇದನ್ನು ತಿಳಿದಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಮತ್ತು 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಒಂದು ಪೆಟ್ಟಿಗೆಯ ಬೆಲೆ ಸಣ್ಣದೆಂದು ಪ್ರತಿ ಮನೆಯೂ ಸುಮ್ಮನಾಗುತ್ತದೆ. ಅದೇ ಕಾರಣಕ್ಕೆ ದೂರು ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಬೀದಿಯ ಹತ್ತು ಮನೆಯವರು ತಮ್ಮ ರಸೀದಿಗಳೊಂದಿಗೆ ಒಟ್ಟಾಗಿ ದೂರು ಕೊಟ್ಟರೆ ಅದನ್ನು ಕಡೆಗಣಿಸುವುದು ಕಷ್ಟ. ಮುಂದಿನ ಪೋಷಕರ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡುವಂತೆ ನಮ್ಮ ಕನ್ನಡ ಶಾಲೆಗಳ ಮುಖ್ಯೋಪಾಧ್ಯಾಯರನ್ನು ನಾವು ವಿನಂತಿಸುತ್ತೇವೆ.